ಕೊಟ್ಟ ಹಸು ಯಾರ ಬಾಬ್ತು

ಭೀಮಾಬಾಯಿ ಸಗಣಿಗೆ ಮೂಗು ಮುಚ್ಚಿಕೊಂಡವರಲ್ಲ. ಮದುವೆಯಾಗಿ ಪುರಸೈವಾಕ್ಕಂಗೆ ಬಂದ ಮಾರನೆಯ ಬೆಳಿಗ್ಗೆಯೇ ಅತ್ತೆ ಕೈಗೊಂದು ಪೊರಕೆ ಕೊಟ್ಟು ಹಿತ್ತಲಿನ ಕೊಟ್ಟಿಗೆ ತೋರಿಸಿದ್ದರು. ಅಂದಿನಿಂದ ಗಂಜಲವೇನು, ಕರು ಹಾಕಿದಾಗಿನ ಮಾಸೇನು, ಮಳೆ ಬಂದರೆ ಒಳನುಗ್ಗುವ ಚರಂಡಿ ನೀರೇನು, ಯಾವುದಕ್ಕೂ ಅವರು ಹೇಸಿದ್ದಿಲ್ಲ. ಹೇಸಿಗೆ ಎಂದರೇನೆಂದು ತಿಳಿದದ್ದು ತಲೆ ಪೂರ್ತಿ ನರೆತ ಮೇಲೆ, ಮಗ ಮುಂದಿಟ್ಟ ಒಂದು ಅಚ್ಚುಕಟ್ಟಾದ ಕಾಗದದಿಂದ.

ಜವಳಿ ಅಂಗಡಿಗಳ ಹಿಂದಿನ ಸಂದಿನಲ್ಲಿ ಅವರ ಮನೆ. ಗಂಡ ಪಂಢರಿನಾಥ ಇದ್ದಾಗ ಕೊಟ್ಟಿಗೆ ತುಂಬ ಹಸುಗಳಿದ್ದವು. ಆ ತಮಿಳು ಊರಿನ ಕನ್ನಡದ ಮನೆಗಳಿಗೆ, ಮಡಿ ಹಾಲು ಬೇಕೆನ್ನುವವರಿಗೆ ಇವರದೇ ಹಾಲು. ನೀರು ಸೋಕದ ಹಾಲು ಎಂಬ ಹೆಸರನ್ನು ಗಂಡ ಹೋದ ಮೇಲೂ ಭೀಮಾಬಾಯಿ ಕಾಪಾಡಿಕೊಂಡು ಬಂದರು. ಕೊಟ್ಟಿಗೆಯ ಲೈಸೆನ್ಸು ಅವರ ಹೆಸರಿಗಾಯಿತು. ಹೊರಗಿನ ವ್ಯವಹಾರವನ್ನೆಲ್ಲ ಮಗ ಸಂಜೀವ ವಹಿಸಿಕೊಂಡ. ಅವನು ಪ್ಯಾರೀಸ್ ಕಾರ್ನರಿನ ಕಬ್ಬಿಣದ ಸಾಮಾನಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಲೆಕ್ಕವೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು.

ಎರಡು ಸಾವಿರದ ಮೂರರಲ್ಲಿ ಬೀದಿಯವರ ಗೊಣಗಾಟ ಹೆಚ್ಚಿತು. ಇನ್ನು ಊರೊಳಗೆ ಹಸು ಕಟ್ಟುವುದು ಕಷ್ಟ, ಇವತ್ತಲ್ಲ ನಾಳೆ ಎಬ್ಬಿಸಿಯೇ ಎಬ್ಬಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಊರಾಚೆ ಸೆಂಗುಂಡ್ರಂ ಕಡೆ ಸ್ವಲ್ಪ ಜಾಗ ಗುತ್ತಿಗೆಗೆ ಸಿಗುತ್ತಿತ್ತು. ಅಲ್ಲಿ ಶೆಡ್ಡು ಕಟ್ಟಿ, ಮೇವು ಬೆಳೆದು, ದೊಡ್ಡದಾಗಿ ಮಾಡೋಣವೆಂದು ಸಂಜೀವ ಬ್ಯಾಂಕಿಗೆ ಅಲೆದ. ಬ್ಯಾಂಕಿನವರು ಬ್ಯಾಲೆನ್ಸ್ ಶೀಟು ಕೇಳಿದರು. ಅದರ ಕೆಳಗೆ ಭೀಮಾಬಾಯಿಯ ರುಜು ಬೇಕು. ಸಾಲ ಬಂದರೆ ಹಸುಗಳು ಉಳಿದವು, ಬರದಿದ್ದರೆ ಮಾರಬೇಕು. ಭೀಮಾಬಾಯಿಗೆ ಹಸುಗಳಿಲ್ಲದ ಬೆಳಿಗ್ಗೆ ಹೇಗಿರುತ್ತದೆಂದು ಊಹಿಸಲೂ ಬರುತ್ತಿರಲಿಲ್ಲ.

ಓದದೆ ರುಜು ಹಾಕುವುದಿಲ್ಲ, ಏನಿದೆ ಹೇಳು ಎಂದು ಅವರು ಕೂತರು. ಮೂರನೇ ಇಯತ್ತೆಯ ಓದು, ಆದರೆ ಕಿವಿ ಚುರುಕು. ಸಂಜೀವನೂ ಬೇಸರಿಸದೆ ಹೇಳಿಕೊಟ್ಟ.

"ಇದು ವರ್ಷದ ಜಮಾಖರ್ಚಲ್ಲಮ್ಮಾ. ಒಂದೇ ದಿವಸದ ಫೋಟೋ ಅನ್ಕೋ. ಮಾರ್ಚ್ ಮೂವತ್ತೊಂದನೇ ತಾರೀಕು ನಮ್ಮ ಹತ್ರ ಏನಿತ್ತು, ಅದು ಈ ಕಡೆ. ಯಾರ್ಯಾರಿಗೆ ಕೊಡ್ಬೇಕಿತ್ತು, ಅದು ಆ ಕಡೆ. ಇದರಲ್ಲಿ ಅದು ಕಳೆದು ಉಳಿದದ್ದೇ ನಮ್ಮದು."

ಈ ಕಡೆ ಹಸು, ಕರು, ಹಾಲಿನ ಕ್ಯಾನು, ಮೇವು ಕತ್ತರಿಸುವ ಯಂತ್ರ, ಹುಲ್ಲಿನ ಬಣವೆ. ಆ ಕಡೆ ಹಿಂಡಿ ಅಂಗಡಿ ಚೆಟ್ಟಿಯಾರರ ಬಾಕಿ, ಸೊಸೈಟಿ ಸಾಲ, ಹಾಲಿಗೆ ಮುಂಗಡ ಕೊಟ್ಟವರ ದುಡ್ಡು. ಭೀಮಾಬಾಯಿಗೆ ಇದು ಹಿಡಿಸಿತು. ಬಣವೆಯ ಕೆಳಗಿನ ಪಾಲು ಚರಂಡಿ ನೀರಿಗೆ ಕೊಳೆತಿದೆ, ಅದಕ್ಯಾಕೆ ಪೂರ್ತಿ ಬೆಲೆ ಎಂದು ಕೇಳಿದರು. ಅವನು ನಕ್ಕು ಆ ಪಾಲಿನ ಬೆಲೆ ಹೊಡೆದುಹಾಕಿದ. ಅಪ್ಪನ ಕಾಲದಲ್ಲಿ ಮಾಡಿಸಿದ್ದ ಇಂಥದೇ ಇನ್ನೊಂದು ಕಾಗದವನ್ನು ಪಕ್ಕದಲ್ಲಿಟ್ಟು, ಆಗ ಎಷ್ಟು ಕಡಸುಗಳಿದ್ದವು, ಈಗ ಹೇಗೆ ಒಂದೂ ಇಲ್ಲ ಎಂದು ತೋರಿಸಿದ. ವರ್ಷ ವರ್ಷವೂ ಕರು ಮಾರಿ ಹಿಂಡಿ ತಂದದ್ದು ಕಣ್ಣಿಗೆ ಕಟ್ಟಿತು.

"ಅಂದ್ರೆ ಹಾಲು ಮಾರಿ ಬದುಕಲಿಲ್ಲ ನಾವು. ಕೊಟ್ಟಿಗೇನೇ ತಿಂದ್ವಿ," ಎಂದರು ಭೀಮಾಬಾಯಿ.

ಸಂಕಟವಾಯಿತು, ನಿಜ. ಆದರೆ ಅದು ಹೊಟ್ಟೆಯ ಸಂಕಟ. ತಿಂದದ್ದು ತಮ್ಮದನ್ನೇ ತಾನೆ ಎಂದು ನುಂಗಿಕೊಂಡರು. ಆಮೇಲೆ ಕಣ್ಣು ಮೊದಲ ಸಾಲಿಗೆ ಹೋಯಿತು. ಅಲ್ಲಿ ತುಂಗೆ ಇದ್ದಳು, ಒಳ್ಳೆಯ ಕರಾವಿನ ಹಸುವಿನ ಎರಡರಷ್ಟು ಬೆಲೆಗೆ.

ತುಂಗೆ ಬಿಳಿ ಹಸು. ನೋಡಲು ಲಕ್ಷಣ, ಹಾಲು ಮಾತ್ರ ಒಂದು ಚೊಂಬು. ಯಾರು ಮುಟ್ಟಿದರೂ ಒದೆಯುವುದಿಲ್ಲ. ನುಂಗಂಬಾಕ್ಕಂನಲ್ಲಿ ಹೊಸ ಹೊಸ ಫ್ಲಾಟುಗಳು ಏಳುತ್ತಿದ್ದವಲ್ಲ, ಗೃಹಪ್ರವೇಶಕ್ಕೆ ಅವಳನ್ನೇ ಕರೆದೊಯ್ಯುತ್ತಿದ್ದರು. ಲಿಫ್ಟಿಗೂ ಹತ್ತಿಸಿದ್ದಾರೆಂದು ಕೇಳಿ ಭೀಮಾಬಾಯಿ ಒಂದು ದಿನ ಊಟ ಬಿಟ್ಟಿದ್ದರು. ಹೋಗಲಿ, ಅದು ಬಾಡಿಗೆ. ಇನ್ನೊಂದು, ಗೋದಾನ. ಯಾರಾದರೂ ತೀರಿಕೊಂಡರೆ ವೈತರಣಿ ದಾಟಲೆಂದು ಮಕ್ಕಳು ಇವರಿಗೆ ದುಡ್ಡು ಕೊಟ್ಟು ತುಂಗೆಯನ್ನು ಒಯ್ದು, ಬಾಲ ಹಿಡಿದು, ನೀರು ಬಿಟ್ಟು, ಪುರೋಹಿತರಾದ ವಿಷ್ಣುತೀರ್ಥಾಚಾರ್ಯರಿಗೆ ದಾನ ಕೊಡುತ್ತಿದ್ದರು. ಆಚಾರ್ಯರಿರುವುದು ಎರಡನೇ ಮಹಡಿ. ಕಟ್ಟಲು ಜಾಗವಿಲ್ಲವೆಂದು ಅವರು ಮಾರುತ್ತಾರೆ, ನಾವು ಕೊಂಡು ತರುತ್ತೇವೆ ಎಂದು ಸಂಜೀವ ಹೇಳಿದ್ದ. ಕೊಂಡ ಹಸು ತಮ್ಮದೇ, ತಪ್ಪೇನು? ಪ್ರತಿ ಸಲವೂ ಭೀಮಾಬಾಯಿ ಹೊಸ ಹಸು ಬಂತೆಂಬಂತೆ ಬಾಗಿಲಲ್ಲಿ ತುಂಗೆಯ ಕಾಲಿಗೆ ನೀರು ಹಾಕಿ, ಕುಂಕುಮವಿಟ್ಟು ಒಳಗೆ ಬಿಡುತ್ತಿದ್ದರು.

"ಮಾರ್ಚ್ ಮೂವತ್ತೊಂದು ಅಂದ್ಯಲ್ಲ. ಅವತ್ತೇ ಅಲ್ವಾ ಜಯಲಕ್ಷ್ಮೀ ಮನೇಲಿ ಗೋದಾನ? ನಾನೂ ಹೋಗಿದ್ದೆ," ಎಂದರು. ಜಯಲಕ್ಷ್ಮೀ ನುಂಗಂಬಾಕ್ಕಂನವಳು, ಹಾಲಿನ ಹಳೆಯ ವರ್ತನೆಯ ಮನೆ. ತಾಯಿ ಹೋದ ದುಃಖಕ್ಕೆ ಆಕೆ ತುಂಗೆಯ ಬೆನ್ನಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತದ್ದನ್ನು ಭೀಮಾಬಾಯಿ ಕಣ್ಣಾರೆ ಕಂಡಿದ್ದರು. "ಅವತ್ತಿನ ಫೋಟೋದಲ್ಲಿ ತುಂಗೆ ಆಚಾರ್ಯರ ಹಸು. ನಮ್ಮ ಕಡೆ ಹೇಗೆ ಬಂತು?"

"ಸಾಯಂಕಾಲಕ್ಕೆ ಬಂದ್ಬಿಡ್ತಲ್ಲಮ್ಮಾ."

"ಕೊಂಡ್ಯಾ? ಕೊಂಡ ದುಡ್ಡು ಎಲ್ಲಿ ಬರ್ದಿದೀಯ?"

ಸಂಜೀವ ಪೆನ್ನಿನ ಮುಚ್ಚಳ ಹಾಕಿ ತೆಗೆದ. "ಕೊಳ್ಳೋದೇನಮ್ಮಾ. ವ್ಯಾನ್ ಬಾಡಿಗೆ, ಆಚಾರ್ಯರಿಗೆ ಅವರ ಕಮಿಷನ್ನು. ಅಷ್ಟೇ ಕಣಕ್ಕು, ಲೆಕ್ಕ ಮುಗೀತು. ಅದಿಲ್ದಿದ್ರೆ ಈ ನಾಲ್ಕು ವರ್ಷ ನಾವೇನು ತಿಂತಿದ್ವಿ? ನಿನ್ನ ಮಡಿ ಹಾಲಾ?"

ಕುಡಿದು ಮುಗಿಸಿದ ಹಾಲಿನ ತಳದಲ್ಲಿ ಹಲ್ಲಿ ಕಂಡವರ ಹಾಗೆ ಭೀಮಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಎಷ್ಟು ಜನ ಸತ್ತವರ ಹೆಸರಿನಲ್ಲಿ ಆ ಒಂದು ಬಾಲ ಹಿಡಿಸಿದ್ದಾರೋ! ಆ ದುಡ್ಡಿನಲ್ಲಿ ಮನೆಯ ಅಕ್ಕಿ ಬಂದಿದೆ, ದೇವರ ಎಣ್ಣೆ ಬಂದಿದೆ. ಆ ತಿಂಗಳಷ್ಟೇ ತಂದ ಹೊಸ ಸೀರೆ ಮೈಮೇಲಿತ್ತು, ಅದೂ ಮೈ ಕಡಿಯತೊಡಗಿತು. ಅವರು ಮಗನ ಮುಖ ನೋಡಲಿಲ್ಲ, ಕಾಗದವನ್ನೇ ನೋಡಿದರು.

"ತುಂಗೇನ ಈ ಕಡೆಯಿಂದ ತೆಗಿ. ಆ ಕಡೆಗೆ ಬರಿ. ಅದು ಕೊಡ್ಬೇಕಾದ್ದು."

"ಯಾರ ಹೆಸರಿಗಮ್ಮಾ ಬರೀಲಿ? ವೈತರಣಿ ಬಾಬ್ತು ಅಂತ ಬರೀಲಾ?" ಅವನು ಜೋರಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ ನಿಧಾನವಾಗಿ ಹೇಳಿದ: ಆ ಒಂದು ಸಾಲು ತೆಗೆದರೆ ಕೊಡಬೇಕಾದ್ದೇ ಹೆಚ್ಚಾಗುತ್ತದೆ, ಯಾವ ಬ್ಯಾಂಕಿನವನೂ ಕಾಗದವನ್ನು ಕೈಯಲ್ಲಿ ಹಿಡಿಯುವುದಿಲ್ಲ. ಹಸುಗಳು ಬೇಕೋ ಬೇಡವೋ ನೀನೇ ಹೇಳು.

ಭೀಮಾಬಾಯಿ ಎದ್ದು ಕೊಟ್ಟಿಗೆಗೆ ಹೋದರು. ಪ್ರತಿ ಹಸುವಿನ ಗಂಗೆದೊಗಲು ಸವರಿಕೊಂಡು ಕೊನೆಯವರೆಗೂ ನಡೆದು, ತಿರುಗಿ ಬಂದರು.

"ರುಜು ಹಾಕಲ್ಲ ಕಣೋ," ಎಂದರು.

ಒಂದು ವಾರ ಸೊಸೆ ಶ್ರೀವಿದ್ಯಾ ಇಬ್ಬರ ನಡುವೆ ತಟ್ಟೆ ಹೊತ್ತು ಓಡಾಡಿದಳು. ಕೊನೆಗೆ ತಿರುವಳ್ಳೂರು ಕಡೆಯ ಹಾಲಿನವನೊಬ್ಬ ಬಂದು ಹಸುಗಳನ್ನೆಲ್ಲ ಕೊಂಡ, ಬಂದ ದುಡ್ಡು ಚೆಟ್ಟಿಯಾರರಿಗೂ ಸೊಸೈಟಿಗೂ ಹೋಯಿತು. ತುಂಗೆಯನ್ನು ಮಾತ್ರ ಭೀಮಾಬಾಯಿ ಮಾರಗೊಡಲಿಲ್ಲ. ಬೆಳಿಗ್ಗೆಯೇ ಹಗ್ಗ ಹಿಡಿದು ನಡೆಸಿಕೊಂಡು ಹೋಗಿ ಆಚಾರ್ಯರ ಫ್ಲಾಟಿನ ಗೇಟಿಗೆ ಕಟ್ಟಿದರು. ಹಸು ಒಳಗೆ ಬರಕೂಡದೆಂದು ವಾಚ್‌ಮನ್ ತಮಿಳಿನಲ್ಲಿ ಕೂಗಾಡಿದ. ಆಚಾರ್ಯರು ಪಂಚೆ ಎತ್ತಿಕೊಂಡು ಇಳಿದು ಬಂದರು.

"ಏನಿದು ಭೀಮಾಬಾಯಿ? ಇವತ್ತು ಯಾರ ಮನೇ ದಾನಾನೂ ಇಲ್ವಲ್ಲ."

"ನಿಮ್ಮ ಹಸು ಆಚಾರ್ಯರೇ. ಎಷ್ಟೋ ಜನ ನಿಮಗೆ ಕೊಟ್ಟಾಗಿದೆ. ಇವತ್ತು ತಂದು ಒಪ್ಪಿಸ್ತಿದೀನಿ."

"ಇದನ್ನಿಟ್ಕೊಂಡು ನಾನೇನು ಮಾಡಲಿ? ಸ್ಕೂಟರ್ ನಿಲ್ಲಿಸೋ ಜಾಗದಲ್ಲಿ ಕಟ್ಟಲಾ?"

"ತೊಗೊಂಡವರು ಏನ್ ಮಾಡ್ಬೇಕೋ ಅದನ್ನ ಮಾಡಿ," ಎಂದು ಭೀಮಾಬಾಯಿ ಹೊರಟುಬಿಟ್ಟರು. ಹದಿನೈದು ದಿನ ಕಳೆಯುವುದರೊಳಗೆ ತುಂಗೆ ಚೂಳೈಯ ಇನ್ನೊಂದು ಕೊಟ್ಟಿಗೆ ಸೇರಿ, ಅಲ್ಲಿಂದಲೇ ಗೃಹಪ್ರವೇಶಕ್ಕೂ ದಾನಕ್ಕೂ ಹೋಗಿಬರುತ್ತಿದ್ದಾಳೆಂದು ಸುದ್ದಿ ಬಂತು. ಥೂ ಎಂದರು, ಅಷ್ಟೇ.

ಒಂದು ಉಳಿದಿತ್ತು. ಜಯಲಕ್ಷ್ಮೀಗೆ ಹೇಳಬೇಕು. ಪಾಪ, ತಾಯಿ ದಾಟಿದಳೆಂದು ನಂಬಿ ಕೂತಿರುವವಳು. ಮೋಸವಾಗಿದೆ, ಇನ್ನೊಂದು ಹಸು ಕೊಡಿಸು ಎಂದು ಕಾಲು ಹಿಡಿದಾದರೂ ಹೇಳಬೇಕು. ಬಸ್ಸು ಹತ್ತಿ ಹೋದರು. ಜಯಲಕ್ಷ್ಮೀ ಸೋಫಾದ ಮೇಲೆ ಕೂರಿಸಿ ಕಾಫಿ ತಂದಿಟ್ಟಳು. ಪ್ಯಾಕೆಟ್ ಹಾಲು, ನಿಮ್ಮ ಹಾಲಿನ ರುಚಿ ಎಲ್ಲಿ ಬರಬೇಕು ಎಂದು ಉಪಚರಿಸಿದಳು. ಭೀಮಾಬಾಯಿ ತಡವರಿಸುತ್ತ, ಎಲ್ಲವನ್ನೂ ಹೇಳಿದರು. ಆಕೆ ಪೂರ್ತಿ ಕೇಳಿ ಅವರ ಕೈ ತಟ್ಟಿದಳು.

"ಇದಕ್ಕೆ ಇಷ್ಟು ದೂರ ಬಂದ್ರಾ? ಗೊತ್ತಿತ್ತು ಭೀಮಾಬಾಯಿ. ನಿಮ್ಮ ಸಂಜೀವನೇ ಹೇಳಿದ್ನಲ್ಲ, ನಿಜವಾಗಿ ಕೊಡೋದಾದ್ರೆ ಒಂದು ರೇಟು, ವಾಪಸ್ ಬರೋದಾದ್ರೆ ಒಂದು ರೇಟು ಅಂತ. ನಾವು ವಾಪಸ್ ಬರೋದು ತೊಗೊಂಡ್ವಿ. ಎಲ್ರೂ ಹಂಗೇ ತಾನೆ ಮಾಡೋದು."

"ಮತ್ತೆ ಅತ್ತಿದ್ದು?"

"ಅಳು ಬಂತು, ಅತ್ತೆ. ಅಮ್ಮ ಅಲ್ವಾ? ಕಾಫಿ ಆರತ್ತೆ, ಕುಡೀರಿ."

ಭೀಮಾಬಾಯಿ ಲೋಟವನ್ನು ಮುಟ್ಟದೆ ಎದ್ದರು. ಹೊಟ್ಟೆ ಸರಿಯಿಲ್ಲವೆಂದರು. ಕೆಳಗಿಳಿದು ಬಂದು, ಗೇಟಿನ ಪಕ್ಕದ ನಲ್ಲಿ ತಿರುಗಿಸಿ, ಏನೂ ಕುಡಿಯದಿದ್ದರೂ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿದರು.