ಭಾನುವಾರದ ಅಂಗಡಿ

ಕೊಡಿಗೇನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಟೈಲರ್. ಯಾರು ಏನು ಕೇಳಿದರೂ ಕುತ್ತಿಗೆಯ ಟೇಪು ಎಳೆಯುತ್ತಾ "ನೋಡಾನ ಬುಡಿ" ಎನ್ನುತ್ತಿದ್ದರು. ಅವರ ಹೆಂಡತಿ ಭಾನುವಾರ ಮಧುಗಿರಿಯ ಚರ್ಚಿಗೆ ಹೋಗುತ್ತಿದ್ದರು. ಇವರಿಗೂ ಯೇಸುವಿನಲ್ಲಿ ನಂಬಿಕೆಯಿತ್ತು. ಗಿರಾಕಿಗಳು ತಪ್ಪಿಹೋದಾರೆಂದು ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ನಾನು ರವಿಕೆ ಹೊಲಿಸಲು ಹೋದಾಗ, ಊರ ಗೌಡರು ಮಗನ ಮದುವೆಯ ಬಟ್ಟೆಗಳನ್ನು ಮೇಜಿನ ಮೇಲಿಟ್ಟು ಕೇಳಿದರು: "ನಿನ್ ಹೆಂಡ್ರು ಚರ್ಚಿಗೆ ಹೋಯ್ತಾಳಂತೆ. ನೀನೂ ಆ ಕಡೆನಾ?"

ಟೈಲರ್ ಮಷಿನ್ ನಿಲ್ಲಿಸಿದರು. "ಹೂಂ ಗೌಡ್ರೆ. ನಾನೂ ಯೇಸುನ ನಂಬಿವ್ನಿ. ಇನ್ಮೇಲೆ ಭಾನ್ವಾರ ಅಂಗಡಿ ತೆಗೆಯಲ್ಲ."

ಗೌಡರು ಬಟ್ಟೆ ಎತ್ತಿಕೊಂಡು ಹೋದರು. ಟೈಲರ್ ಸೂಜಿಗೆ ದಾರ ಪೋಣಿಸಲು ನೋಡಿದರು; ಎರಡು ಸಲ ತಪ್ಪಿತು. ನಾನೇ ಪೋಣಿಸಿಕೊಟ್ಟೆ.

"ಹೆದ್ರಿ ಹೆದ್ರಿ ಸಾಕಾಗಿತ್ತು ಕಣಮ್ಮ" ಎಂದರು.

ಗೌಡರ ಮನೆಯ ಬಟ್ಟೆ ಮತ್ತೆ ಬರಲಿಲ್ಲ. ಆದರೆ ಟೈಲರ್ ಹೊಲಿಯುತ್ತಾ ಹಾಡಿಕೊಳ್ಳುವುದನ್ನು ನಾನು ಮೊದಲ ಸಲ ಕೇಳಿದ್ದು ಆ ವಾರವೇ.