ಕರ್ಬೂಜದ ಪಾನಕ ಮತ್ತು ಕುಣಿಗಲ್ಲಿನ ಹುಡುಗ

ಗುಬ್ಬಿಯಲ್ಲಿರುವ ನನ್ನ ತಂಗಿ ಬೆಳಿಗ್ಗೆ ಕಾಫಿಯ ಹೊತ್ತಿಗೆ ಫೋನ್ ಮಾಡಿದಳೆಂದರೆ ಅದು ಯೋಗಕ್ಷೇಮ ವಿಚಾರಿಸುವುದಕ್ಕಲ್ಲವೆಂದು ನನಗೆ ಗೊತ್ತು. ಆ ದಿನ ಅವಳ ಧ್ವನಿ ತೀರ ತಗ್ಗಿತ್ತು. ಮಗಳಿಗೆ ಕೇಳಿಸದಿರಲೆಂದು ಹಿತ್ತಲಿಗೆ ಬಂದು ನಿಂತಿದ್ದಳು.

"ಅಕ್ಕಾ, ಭಾನ್ವಾರ ಕುಣಿಗಲ್ಲೋರು ಹೆಣ್ಣು ನೋಡಕ್ಕೆ ಬರ್ತಾವ್ರೆ. ಆ ಹುಡುಗನಿಗೆ ಶುಗರ್ ಐತಂತೆ ಕಣಕ್ಕ."

"ಐತಂತೆ ಅಂದ್ರೆ? ಯಾರು ಹೇಳಿದ್ದು?"

"ಯಾರೋ ಹೇಳಿದ್ರು ಬುಡು. ಹೆಬ್ಬೂರಲ್ಲಿ ನಾಮಕರಣದ ಊಟಕ್ಕೆ ಕೂತಿದ್ದಾಗ ಎಲೆಗೆ ಬಡಿಸಿದ ಹೋಳಿಗೇನ ಪಕ್ಕದೋರ ಎಲೆಗೆ ದಾಟಿಸಿಬಿಟ್ನಂತೆ."

ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಬಹಳ ವರ್ಷ ಕನ್ನಡ ಬೋಧಿಸಿ, ಸ್ವಯಂನಿವೃತ್ತಿ ಪಡೆದವಳು ನಾನು. ಕರ್ತೃಪದವಿಲ್ಲದ ವಾಕ್ಯವನ್ನು ಕೇಳಿದೊಡನೆ ನಂಬುವ ಅಭ್ಯಾಸ ನನಗಿಲ್ಲ. ಆದರೂ ಹೋಳಿಗೆಯ ಸಂಗತಿ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಹುಡುಗ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ, ಇನ್ನೂ ಮೂವತ್ತು ದಾಟಿಲ್ಲ. ಆ ವಯಸ್ಸಿನವನು ಹೋಳಿಗೆಯನ್ನು ಬೇಡವೆನ್ನುವುದಕ್ಕೆ ಏನಾದರೂ ಕಾರಣ ಇರಲೇಬೇಕು.

"ನೇರವಾಗಿ ಕೇಳಿಬಿಡು," ಎಂದೆ.

"ಕೇಳಿದ್ರೆ ಮಾತು ಅಲ್ಲಿಗೇ ಮುರಿದೋಗುತ್ತೆ. ಬಂದ ಹುಡುಗ್ರನ್ನೆಲ್ಲ ಬೇಡ ಅಂದೋಳು ಇವನ ಫೋಟೋ ನೋಡಿ ಹ್ಞೂಂ ಅಂದವ್ಳೆ. ಏನೂ ಇಲ್ದಿದ್ರೆ ನಾನೇ ಕೆಡಿಸ್ದಂಗಾಗುತ್ತೆ. ಇದ್ದೂ ಮುಚ್ಚಿಟ್ಟಿದ್ರೆ, ಅಂಥ ಮನೆಗೆ ಹೆಂಗಕ್ಕಾ ಮಗಳನ್ನ ಕಳಿಸ್ಲಿ?"

ಕಂಡುಹಿಡಿಯುವ ಹೊಣೆ ಹೀಗೆ ನನ್ನ ಮೇಲೆ ಬಿತ್ತು. ನಾನು ಕ್ರಮವಾಗಿ ಯೋಚಿಸಿದೆ. ಕೇಸರಿಬಾತನ್ನು ಕೊಟ್ಟರೆ "ಈಗ ತಾನೇ ತಿಂಡಿ ಆಯಿತು" ಎನ್ನಬಹುದು. ಕಾಫಿಯನ್ನು "ಅಭ್ಯಾಸವಿಲ್ಲ" ಎಂದು ಸರಿಸಬಹುದು. ಬಿಸಿಲಿನಲ್ಲಿ ಕುಣಿಗಲ್ಲಿನಿಂದ ಗುಬ್ಬಿಯವರೆಗೆ ಬಂದವನು ತಣ್ಣಗಿನ ಹಣ್ಣಿನ ಪಾನಕವನ್ನು ಮಾತ್ರ ಯಾವ ನೆಪ ಹೇಳಿಯೂ ನಿರಾಕರಿಸಲಾರ. ಸಿಹಿ ಎಷ್ಟಿದೆಯೆಂಬುದು ಬಾಯಿಗೆ ಹೋದ ಮೇಲೆಯೇ ತಿಳಿಯುತ್ತದೆ. ಆಗ ಮುಖ ಸುಳ್ಳು ಹೇಳುವುದಿಲ್ಲ. ಸ್ಟೀಲಿನ ಲೋಟ ಬೇಡ, ಗಾಜಿನದೇ ಇರಲಿ ಎಂದು ತಂಗಿಗೆ ತಾಕೀತು ಮಾಡಿದೆ. ಯಾರು ಎಷ್ಟು ಕುಡಿದರೆಂಬುದು ದೂರದಿಂದಲೇ ಕಾಣಬೇಕಿತ್ತು.

ಭಾನುವಾರ ಬೆಳಿಗ್ಗೆಯೇ ತುಮಕೂರಿನಿಂದ ಒಳ್ಳೆಯ ವಾಸನೆಯ ಕರ್ಬೂಜದ ಹಣ್ಣುಗಳನ್ನು ತೆಗೆದುಕೊಂಡು ಗುಬ್ಬಿಗೆ ಹೋದೆ. ಬೀಜ ತೆಗೆದು, ತಿರುಳನ್ನು ಚಮಚದಿಂದ ಕೆರೆದು, ಕೈಯಲ್ಲೇ ಕಿವುಚಿದೆ. ಮಿಕ್ಸಿಗೆ ಹಾಕಿದರೆ ತಿರುಳು ಗಂಜಿಯಂತಾಗುತ್ತದೆ, ಹಣ್ಣು ನಾಲಿಗೆಗೆ ಸಿಕ್ಕುವುದಿಲ್ಲ. ಪುದೀನ ಎಲೆಗಳನ್ನೂ ಶುಂಠಿಯನ್ನೂ ಜಜ್ಜಿ, ನೀರಿನಲ್ಲಿ ನೆನೆಸಿ, ಆ ನೀರನ್ನಷ್ಟೇ ಸೋಸಿಕೊಂಡೆ. ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಏಲಕ್ಕಿ. ಬೆಲ್ಲವನ್ನು ಬೇರೆಯಾಗಿ ಕರಗಿಸಿ ಇಟ್ಟೆ, ಪಾನಕಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿಯೇ.

ತಂಗಿಯ ಗಂಡ ಪತ್ರಿಕೆಯ ಹಿಂದಿನಿಂದ ಕೇಳಿದರು: "ಅತ್ತಿಗೆ, ಹುಡುಗನಿಗೆ ನಿಜವಾಗ್ಲೂ ಇದ್ದು, ಇದನ್ನ ಕುಡ್ದು ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಒಂದು ಲೋಟಕ್ಕೆ ಏನೂ ಆಗಲ್ಲ, ಸುಮ್ಕಿರಿ," ಎಂದು ತಂಗಿ ಗದರಿದಳು.

ಪಕ್ಕದಲ್ಲಿ ಪುದೀನ ಬಿಡಿಸುತ್ತಿದ್ದ ಅವಳ ಮಗಳು ತಲೆ ಎತ್ತಲಿಲ್ಲ. "ದೊಡ್ಡಮ್ಮ, ನೀವು ಸೀರೆ ಬದಲಾಯಿಸ್ಕೊಂಡು ಬನ್ನಿ, ಇದನ್ನ ನಾನು ನೋಡ್ಕೋತೀನಿ," ಎಂದಳಷ್ಟೆ. ನಾನು ಮರಳಿ ಬಂದಾಗ ಪಾತ್ರೆಯಲ್ಲಿನ ತಿರುಳು ಇಳಿದಂತೆ ಕಂಡಿತು. ತುಮಕೂರಿನ ಹಣ್ಣಿನವನು ಹಗುರವಾದ ಹಣ್ಣು ಕೊಟ್ಟು ಮೋಸ ಮಾಡಿದನೆಂದು ಬಗೆದು, ಮನಸ್ಸಿನಲ್ಲೇ ಅವನನ್ನು ಬೈದು, ಬೆಲ್ಲದ ನೀರನ್ನು ಸುರಿದೆ.

ಹುಡುಗ, ಅವನ ತಂದೆ, ತಾಯಿ ಬಂದರು. ತಂದೆ ಮಿತಭಾಷಿ. ತಾಯಿ ಹಾಗಲ್ಲ, ಚಾವಣಿಯ ಬಿರುಕಿನಿಂದ ಹಿಡಿದು ಕಿಟಕಿಯ ಪರದೆಯವರೆಗೆ ಎಲ್ಲವನ್ನೂ ಒಂದು ಸುತ್ತು ನೋಡಿ ಕುಳಿತರು. ಹುಡುಗಿ ತಟ್ಟೆ ಹಿಡಿದು ಬಂದು, ಒಬ್ಬೊಬ್ಬರಿಗೂ ಲೋಟ ಕೊಟ್ಟಳು. ನಾನು ಹುಡುಗನ ಎದುರಿನ ಕುರ್ಚಿಯಲ್ಲೇ ಕುಳಿತಿದ್ದೆ.

ಅವನು ಒಂದು ಗುಟುಕು ಕುಡಿದ. ಮುಖ ಬದಲಾಗಲಿಲ್ಲ. ಮತ್ತೆ ಕುಡಿದ. ನೋಡನೋಡುತ್ತಿದ್ದಂತೆ ಲೋಟ ಅರ್ಧವಾಯಿತು, ಖಾಲಿಯಾಯಿತು. ಬಾಗಿಲ ಬಳಿ ನಿಂತಿದ್ದ ತಂಗಿ ನನ್ನತ್ತ ನೋಡಿ, ಗೆದ್ದೆವೆಂಬಂತೆ ಕಣ್ಣರಳಿಸಿದಳು. ಅವನ ತಾಯಿ ಮಾತ್ರ ಒಂದೇ ಗುಟುಕಿಗೆ ಲೋಟವನ್ನು ಕೆಳಗಿಟ್ಟು, ಮಗನ ಕೈಯನ್ನೇ ನೋಡುತ್ತಿದ್ದರು. ಸೆರಗಿನ ತುದಿ ಅವರ ಬೆರಳಿಗೆ ಸುತ್ತಿಕೊಂಡಿತ್ತು.

ಆಗ ನನಗೆ ಬಣ್ಣ ಕಂಡಿತು. ಬೆಲ್ಲ ಬಿದ್ದ ಪಾನಕ ಕಂದಾಗಿರಬೇಕು. ನನ್ನ ಲೋಟ ಕಂದು, ಆ ತಾಯಿಯದೂ ಕಂದು. ಹುಡುಗನ ಲೋಟದ ತಳದಲ್ಲಿ ಉಳಿದಿದ್ದುದು ತಿಳಿಯಾದ ಕೇಸರಿ. ಅದರ ಮೇಲೆ, ಬೇರಾರ ಲೋಟದಲ್ಲಿಯೂ ಇಲ್ಲದ ಒಂದು ಹಿಡಿ ಪುದೀನ ಎಲೆ.

ಲೋಟಗಳನ್ನು ಎತ್ತಿಕೊಂಡು ನಾನೇ ಅಡುಗೆಮನೆಗೆ ಹೋದೆ. ಅವನ ಲೋಟದಲ್ಲಿ ಉಳಿದಿದ್ದ ಹನಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟೆ. ನಿಂಬೆ, ಶುಂಠಿ, ಉಪ್ಪು, ಎಲ್ಲೋ ಒಂದಿಷ್ಟು ಹಣ್ಣು. ಬೆಲ್ಲದ ಸುಳಿವೇ ಇಲ್ಲ.

"ಇದೇನಮ್ಮಾ?" ಎಂದು ಹಿಂದೆಯೇ ಬಂದ ಹುಡುಗಿಯನ್ನು ಕೇಳಿದೆ.

ಅವಳು ಅಡ್ಡಮಾತು ಆಡಲಿಲ್ಲ. "ಅವರಿಗೆ ಹೈಸ್ಕೂಲಿಂದ ಶುಗರ್ ಇದೆ ದೊಡ್ಡಮ್ಮ. ದಿನಾ ಇಂಜೆಕ್ಷನ್ ತಗೋತಾರೆ. ನಂಬರ್ ಸಿಕ್ಕಿ ಮಾತಾಡಕ್ಕೆ ಶುರು ಮಾಡಿದಾಗ್ಲೇ ಅವರೇ ಹೇಳಿದ್ರು."

"ನಿಮ್ಮಮ್ಮನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬರೋದೇ ಬೇಡ ಅಂದ್ಬಿಡ್ತಿದ್ರು. ಒಂದ್ಸಲ ಮುಖ ನೋಡ್ಲಿ ಅಂತ. ಇವತ್ತು ಎಲ್ಲರ ಮುಂದೆ ನಾನೇ ಹೇಳ್ತೀನಿ ಅಂದಿದ್ದಾರೆ."

"ಬಂದು ಇಷ್ಟು ಹೊತ್ತಾಯಿತು. ಹೇಳಿದನೇ?"

ಅವಳು ಬಾಗಿಲ ಸಂದಿಯಿಂದ ಹುಡುಗನತ್ತ ಇಣುಕಿದಳು. ಫೋನಿನಲ್ಲಿ ಹುಡುಗಿಗೆ ಹೇಳುವುದೇ ಬೇರೆ, ಹೆತ್ತವಳ ಎದುರು ಕುಳಿತು ಹೆಣ್ಣಿನ ಮನೆಯವರಿಗೆ ಹೇಳುವುದೇ ಬೇರೆ. ಅವನು ಹೇಳದೆ ಎದ್ದು ಹೋದರೆ ನನ್ನ ತಂಗಿ ಖಾಲಿ ಲೋಟವನ್ನು ನಂಬಿ ತಾಂಬೂಲಕ್ಕೆ ದಿನ ನೋಡುತ್ತಿದ್ದಳು. ನಿಜ ಗೊತ್ತಾದ ದಿನ ಮಗಳನ್ನೂ ನಂಬುತ್ತಿರಲಿಲ್ಲ. ನಾನು ಪಾನಕದ ಜಗ್ಗನ್ನು ಎತ್ತಿಕೊಂಡೆ.

"ದೊಡ್ಡಮ್ಮ, ಬೇಡ," ಎಂದಳು ಹುಡುಗಿ.

"ಅವನ ಬಾಯಿಂದಲೇ ನನಗೂ ಕೇಳಿಸಲಿ," ಎಂದು ಹೊರಗೆ ಬಂದೆ.

ಬೇರೊಂದು ಲೋಟವನ್ನು ಹುಡುಗನ ಮುಂದಿಟ್ಟು, ಕಂದು ಬಣ್ಣದ ಜಗ್ಗನ್ನು ಬಾಗಿಸಿದೆ. "ಇನ್ನೊಂದು ಸ್ವಲ್ಪ ತಗೊಳ್ಳಪ್ಪ. ಇಷ್ಟಪಟ್ಟು ಕುಡಿದೆ."

ಅವನು ಅಂಗೈಯಿಂದ ಲೋಟವನ್ನು ಮುಚ್ಚಿದ.

"ಅವನಿಗೆ ಹೊಟ್ಟೆ ತುಂಬೈತೆ ಮೇಡಂನೋರೆ," ಎಂದು ತಾಯಿ ನಡುವೆ ಬಂದರು.

"ಹೊಟ್ಟೆ ತುಂಬಿಲ್ಲಮ್ಮ," ಎಂದ ಹುಡುಗ. ಕಿವಿ ಕೆಂಪಾಗಿತ್ತು, ಮಾತು ಮಾತ್ರ ತಡವರಿಸಲಿಲ್ಲ. "ಮೇಡಂ, ನನಗೆ ಶುಗರ್ ಇದೆ. ಹದಿನಾಲ್ಕನೇ ವಯಸ್ಸಿಂದ. ಬಂದ ತಕ್ಷಣ ಹೇಳಬೇಕಿತ್ತು, ಧೈರ್ಯ ಸಾಲ್ಲಿಲ್ಲ. ಮೊದಲನೇ ಲೋಟ ನನಗೆ ಬೇರೆ ಮಾಡಿದ್ರು."

ತಂಗಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. "ಏನ್ರಮ್ಮ, ಇಷ್ಟು ದೊಡ್ಡ ವಿಷ್ಯಾನ ಮುಚ್ಚಿಟ್ರಾ?"

"ಮುಚ್ಚಿಟ್ಟಿದ್ದು ನಾನು, ಇವನಲ್ಲ. ಎರಡು ಕಡೆ ಹೇಳಿ, ಎರಡು ಕಡೇನೂ ಆಗ್ಲಿಲ್ಲ. ಅದ್ಕೇ ಈ ಸಲ ಬಾಯಿ ಮುಚ್ಕೊಂಡಿರು ಅಂದೆ." ಆ ತಾಯಿಯ ಕಣ್ಣು ತುಂಬಿತು, ಮರುಕ್ಷಣವೇ ಧ್ವನಿ ಏರಿತು. "ನೀವೇನು ಕಮ್ಮಿ ಮಾಡಿದ್ದು? ಈ ಪಾಟಿ ಬೆಲ್ಲ ಯಾರಾದ್ರೂ ಪಾನಕಕ್ಕೆ ಹಾಕ್ತಾರಾ? ಒಂದು ಗುಟುಕಿಗೇ ಗೊತ್ತಾಯ್ತು ನಂಗೆ, ನಮ್ಮನ್ನ ಪರೀಕ್ಷೆ ಮಾಡಿ ನೋಡಕ್ಕೆ ಮಾಡಿರೋದಿದು ಅಂತ. ಇವ್ನು ನೋಡಿದ್ರೆ ಗಟಗಟ ಕುಡೀತಾವ್ನೆ. ನನ್ನ ಜೀವ ಬಾಯಿಗೆ ಬಂದಿತ್ತು!"

ನಾನು ಜಗ್ಗನ್ನು ಕೆಳಗಿಟ್ಟೆ. ಅಷ್ಟರಲ್ಲಿ ಆ ತಾಯಿಗೆ ಏನೋ ಹೊಳೆದಂತಾಯಿತು. ಮಗನತ್ತ ತಿರುಗಿದರು.

"ಬೇರೆ ಮಾಡಿದ್ರು ಅಂದ್ಯಲ್ಲ, ಯಾರೋ ಮಾಡಿದ್ದು?"

ಹುಡುಗ ಅಡುಗೆಮನೆಯ ಬಾಗಿಲನ್ನು ನೋಡಿದ. ಅಲ್ಲಿ ಹುಡುಗಿ ನಿಂತಿದ್ದಳು.

"ಹಂಗಾದ್ರೆ ಇವಳಿಗೆ ಮೊದ್ಲೇ ಗೊತ್ತಿತ್ತಾ?" ಎಂದರು ಆ ತಾಯಿ.

"ನಂಗೇ ಗೊತ್ತಿರ್ಲಿಲ್ಲ ಕಣ್ರೀ!" ಎಂದಳು ನನ್ನ ತಂಗಿ. ಅಷ್ಟು ಹೊತ್ತು ಒಬ್ಬರನ್ನೊಬ್ಬರು ಅಳೆಯುತ್ತಿದ್ದ ಇಬ್ಬರು ತಾಯಂದಿರೂ ಈಗ ಒಂದೇ ಕಡೆ ಸೇರಿ, ಮಕ್ಕಳಿಬ್ಬರನ್ನೂ ಸಂಶಯದಿಂದ ನೋಡತೊಡಗಿದರು. "ಇವೆರಡೂ ಇನ್ನೇನೇನು ಮಾತಾಡ್ಕೊಂಡವ್ವೋ!" ಎಂದರು ಹುಡುಗನ ತಾಯಿ.

ಹುಡುಗಿ ಒಳಗೆ ಹೋಗಿ, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಅಡಗಿಸಿಟ್ಟಿದ್ದ ತಿರುಳನ್ನು ತಂದಳು. ಹಣ್ಣಿನವನು ನಿರಪರಾಧಿಯೆಂದು ಆಗ ತಿಳಿಯಿತು. ಬೆಲ್ಲವಿಲ್ಲದ ಪಾನಕವನ್ನು ಬೆರೆಸಿ ಆ ತಾಯಿಗೂ ಒಂದು ಲೋಟ ಕೊಟ್ಟಳು. ಅವರು ಮೂಸಿ ನೋಡಿ, ತುಟಿಗೆ ಮಾತ್ರ ತಾಗಿಸಿ, ಆಮೇಲೆ ಪೂರ್ತಿ ಕುಡಿದರು. ತಂಗಿ ಹುಡುಗನ ಎದುರು ಕುಳಿತಳು. ಇಂಜೆಕ್ಷನ್ ಎಷ್ಟು ಹೊತ್ತಿಗೆ, ಊಟ ಏನು, ತಲೆ ಸುತ್ತಿದರೆ ಏನು ಮಾಡಬೇಕು, ಮುಂದೆ ಮಕ್ಕಳ ವಿಷಯಕ್ಕೆ ಡಾಕ್ಟರು ಏನೆನ್ನುತ್ತಾರೆ ಎಂದು ಒಂದೊಂದಾಗಿ ಕೇಳಿದಳು. ಅವನು ಪ್ರತಿಯೊಂದಕ್ಕೂ ಪೂರ್ಣವಾಗಿ ಉತ್ತರಿಸಿದ. ತಿಳಿಯದ ಕಡೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಎಂದ. ಆ ಮಾತಿಗೆ ತಂಗಿಯ ಗಂಡ ಪತ್ರಿಕೆಯನ್ನು ಮಡಿಸಿಟ್ಟರು.

ಹೊರಡುವಾಗ ಆ ತಾಯಿ ಮೆಟ್ಟಿಲ ಬಳಿ ನಿಂತು ನನ್ನ ತಂಗಿಯ ಕೈ ಹಿಡಿದರು. "ಮುಂದಿನ ಭಾನ್ವಾರ ನೀವೇ ಕುಣಿಗಲ್ಲಿಗೆ ಬನ್ನಿ. ಡಾಕ್ಟ್ರು ಬರ್ದಿರೋದೆಲ್ಲ ತೆಗ್ದಿಟ್ಟಿರ್ತೀನಿ. ಪಾನಕ ನಾನು ಮಾಡ್ತೀನಿ."

"ಬರ್ತೀವಿ," ಎಂದಳು ತಂಗಿ. ಮಗಳ ಮುಖ ಅರಳಿದ್ದನ್ನು ನಾನು ಕಂಡೆ.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಗುಮುಖದಿಂದ ಕೈ ಬೀಸಿದ ತಂಗಿ, ಬಾಗಿಲು ಹಾಕಿದೊಡನೆ ನನ್ನನ್ನು ಪಕ್ಕಕ್ಕೆಳೆದಳು.

"ಅಕ್ಕಾ, ಪಾನಕ ನಾನು ಮಾಡ್ತೀನಿ ಅಂದ್ಳಲ್ಲ, ಅದ್ರಲ್ಲಿ ಏನ್ ಹಾಕ್ತಾಳೆ ಅಂತೀಯ?"