‘ಮುಟ್ತಾ ಇದೀನಿ’ ಎಂದು ಕೂಗುತ್ತಿದ್ದ ದೊಡ್ಡಕ್ಕ

ನಮ್ಮ ಕಂಪನಿ ಎಷ್ಟು ದೊಡ್ಡದೆಂದರೆ ಅದರ ಯಜಮಾನ ಯಾರೆಂದು ಕೇಳಿದರೆ ನಾವೇ ತಲೆ ಕೆರೆದುಕೊಳ್ಳುತ್ತೇವೆ. ಆದರೆ ನಮ್ಮ ಮಹಡಿಯ ಯಜಮಾನಿ ಯಾರೆಂದು ಕಾವಲುಗಾರನೂ ಹೇಳುತ್ತಿದ್ದ: ದೊಡ್ಡಕ್ಕ. ವಯಸ್ಸೇನೂ ಅಷ್ಟು ದೊಡ್ಡದಲ್ಲ, ಗಂಟಲು ದೊಡ್ಡದು. ಜನ ಆನ್‌ಲೈನಿನಲ್ಲಿ ಟಿಕೆಟ್ ಕೊಳ್ಳುವ ನಮ್ಮ ವ್ಯವಸ್ಥೆಯಲ್ಲಿ ಏನಾದರೂ ಬದಲಿಸುವ ಮುನ್ನ ಕುರ್ಚಿ ತಿರುಗಿಸಿ, “ಮುಟ್ತಾ ಇದೀನಿ” ಎಂದು ಕೂಗುತ್ತಿದ್ದಳು. ಉಳಿದವರೆಲ್ಲ ಕೀಬೋರ್ಡಿನಿಂದ ಕೈ ತೆಗೆದು ಕೂರುತ್ತಿದ್ದೆವು. ಅವಳು “ಆಯ್ತು” ಎಂದ ಮೇಲೆಯೇ ಮತ್ತೆ ಕೆಲಸ. ಈ ನಿಯಮವನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಕಿವಿ ಇದ್ದವರಿಗೆಲ್ಲ ಗೊತ್ತಿತ್ತು.

ಆಮೇಲೆ ಮನೆಯಿಂದ ಕೆಲಸ ಶುರುವಾಯಿತು. ಹೊಸಬರನ್ನು ಪರದೆಯಲ್ಲೇ ನೋಡಿ, ಪರದೆಯಲ್ಲೇ ಸೇರಿಸಿಕೊಂಡೆವು. ದೊಡ್ಡಕ್ಕ ಊಟದ ಮೇಜಿನ ಮುಂದೆ ಕುಳಿತು ಅಭ್ಯಾಸಬಲದಿಂದ ಕೂಗಿದರೆ, ಪಾತ್ರೆ ತೊಳೆಯುತ್ತಿದ್ದ ಅವಳ ಗಂಡ ಎರಡೂ ಕೈ ಎತ್ತಿ ನಿಲ್ಲುತ್ತಿದ್ದನಂತೆ. ವ್ಯವಸ್ಥೆ ಮುಟ್ಟುವ ಮುನ್ನ ನಾವು ಹಳಬರು ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳಿಕೊಳ್ಳುತ್ತಿದ್ದೆವು. ಹೊಸಬರಿಗೂ ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಮೊನ್ನೆ ದೊಡ್ಡಕ್ಕ ವ್ಯವಸ್ಥೆಯನ್ನು ಬದಲಿಸುತ್ತಿರುವಾಗಲೇ ಹೊಸ ಹುಡುಗಿಯೊಬ್ಬಳು ತನ್ನ ಬದಲಾವಣೆಯನ್ನೂ ಅದರ ಮೇಲೆ ಹೇರಿಬಿಟ್ಟಳು. ಎರಡೂ ಕಲಸಿ ವ್ಯವಸ್ಥೆ ಕೆಟ್ಟಿತು, ಮಧ್ಯಾಹ್ನವಿಡೀ ಟಿಕೆಟ್ ಸಿಗದೆ ಜನ ಹಿಡಿಶಾಪ ಹಾಕಿದರು. ಹುಡುಗಿಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವಳನ್ನು ಮನೆಗೆ ಕಳಿಸುವುದೇ ಸರಿ ಎಂದ ಮ್ಯಾನೇಜರು. ಅವಳು ಮನೆಯಲ್ಲೇ ಇದ್ದಳು ಎಂಬುದು ಬೇರೆ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಜಾಣತನ ಕಂಡು ನನಗೆ ಮೈಯೆಲ್ಲ ಉರಿಯಿತು.

ಹುಡುಗಿಯ ಕೆಲಸ ಹೋದೀತೆಂದು ದೊಡ್ಡಕ್ಕನಿಗೆ ಹೆದರಿಕೆ. ತೀರ್ಮಾನದ ಮೀಟಿಂಗಿಗೆ ಮುಂಚೆ ನನಗೆ ಫೋನ್ ಮಾಡಿದಳು. “ನಾನೇ ಆರಿಸಿ ತಂದ ಹುಡುಗಿ ಕಣೋ,” ಎಂದಳು. “ಈಗ ನೋಡಿದ್ರೆ ಅವಳ ಧ್ವನಿ ಹೇಗಿದೆ ಅನ್ನೋದೂ ನಂಗೆ ನೆನಪಿಲ್ಲ.”

ಮೀಟಿಂಗಿನಲ್ಲಿ ಮ್ಯಾನೇಜರು ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಕೇಳಿದಳು. ಆ ಗಂಟಲು ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿದ್ದೇ ಇಲ್ಲ.

“ಹೊಸಬ್ರೆಲ್ಲ ಹೇಳಿ. ಟಿಕೆಟ್ ವ್ಯವಸ್ಥೆ ಮುಟ್ಟೋಕೆ ಮುಂಚೆ ಯಾರಿಗೆ ಹೇಳ್ತೀರಿ?”

ಪರದೆಯ ಒಂದು ಚೌಕದಿಂದ ಹೊಸಬನೊಬ್ಬ ಕೇಳಿದ: “ಹೇಳ್ಬೇಕಾ?”

ಮಿಕ್ಕ ಹೊಸಬರೂ ಅದೇ ಮುಖ ಮಾಡಿಕೊಂಡು ಕುಳಿತಿದ್ದರು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

“ಸರಿ, ಆ ಹುಡುಗಿ ಇರ್ಲಿ,” ಎಂದ.

ದೊಡ್ಡಕ್ಕನಿಗೆ ಹೋದ ಜೀವ ಬಂದಂತಾಯಿತು. “ಲ್ಯಾಪ್‌ಟಾಪ್ ತೆಗಿ ತಾಯಿ, ಈಗ್ಲೇ ಎಲ್ಲಾ ತೋರಿಸ್ಕೊಡ್ತೀನಿ.”

ಹುಡುಗಿ ತನ್ನ ಫೋನಿನಿಂದ ಮಾತನಾಡುತ್ತಿದ್ದಳು, ಚಿತ್ರ ಅಲುಗಾಡುತ್ತಿತ್ತು. “ಅದು ಡಬ್ಬದೊಳಗಿದೆ ಅಕ್ಕ. ಆಫೀಸಿಗೆ ವಾಪಸ್ ಕಳ್ಸೋಣ ಅಂತ ಟೇಪ್ ಅಂಟಿಸಿ ಬಾಗಿಲ ಹತ್ರ ಇಟ್ಬಿಟ್ಟಿದೀನಿ.”

“ತೀರ್ಮಾನಾನೇ ಆಗಿರ್ಲಿಲ್ವಲ್ಲ, ಯಾಕೆ?”

“ಸೇರಿದ್ಮೇಲೆ ನನ್ನನ್ನ ಯಾರಾದ್ರೂ ಹೆಸರು ಹಿಡಿದು ಕರೆದಿದ್ದು ಈ ಮೀಟಿಂಗಿಗೇ ಮೊದಲು. ಅದಕ್ಕೇ, ಮನೆಗೆ ಕಳಿಸೋಕೇ ಕರೆದಿರ್ಬೇಕು ಅನ್ಕೊಂಡೆ.”